ಐದು ವರ್ಷದವನ ಗಡಿಯಾರದಲ್ಲಿ ಕಳಸೂಬಾಯಿ

ಅಕ್ಟೋಬರ್ ತಿಂಗಳ ಒಂದು ಭಾನುವಾರ, ಹನ್ನೊಂದೂವರೆಯ ಬಿಸಿಲಿನಲ್ಲಿ, ಕಳಸೂಬಾಯಿ ಬೆಟ್ಟದ ಮೊದಲನೆಯ ಕಬ್ಬಿಣದ ಏಣಿಯ ಬುಡದಲ್ಲಿ ಕುಳಿತು ನನ್ನ ಮಗ ಬೆಳಿಗ್ಗೆ ತಿಂದಿದ್ದ ಅವಲಕ್ಕಿಯನ್ನೆಲ್ಲ ವಾಂತಿ ಮಾಡಿಕೊಂಡ. ಮನೆಯಲ್ಲಿ ನನ್ನನ್ನು ಅಮ್ಮ ಎಂದೇ ಕರೆಯುವ ಅವನು ಶಾಲೆಯ ಗೆಳೆಯರ ಎದುರಿಗೆ ಮಾತ್ರ ಮರಾಠಿಯಲ್ಲಿ ಆಯಿ ಎನ್ನುತ್ತಾನೆ. ಅಂದು ಆ ಕರಿಬಂಡೆಯ ಮೇಲೆ ‘ಆಯೀ, ಆಯೀ’ ಎಂದು ಅಳುತ್ತಿದ್ದುದನ್ನು ಕೇಳಿದಾಗ, ಎದುರಿಗಿರುವವರು ಯಾರೆಂಬುದೂ ಅವನಿಗೆ ಗೊತ್ತಾಗುತ್ತಿಲ್ಲವೇನೋ ಎಂದು ನನಗೆ ಗಾಬರಿಯಾಯಿತು. ಏಣಿಯ ಮೇಲೆ ನೂರಾರು ಜನ ಸಾಲುಗಟ್ಟಿದ್ದರು. ನಮ್ಮ ತಂಡದ ಮುಂದಾಳು ಎರಡು ನಿಮಿಷ ನಿಂತು ನೋಡಿ, ಮಕ್ಕಳ ಜವಾಬ್ದಾರಿ ನಿಮ್ಮದೇ ಎಂದು ಮೊದಲೇ ತಿಳಿಸಿದ್ದೇವಲ್ಲ ಎಂದು ಹೇಳಿ ಮೇಲಕ್ಕೆ ನಡೆದರು. ನಾವು ನಾಲ್ವರೂ ಕೆಳಗಿಳಿದೆವು. ಒಂಬತ್ತು ವರ್ಷದ ಮಗಳು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ.

ಧಾರವಾಡದಿಂದ ಪುಣೆಗೆ ಬಂದು ನೆಲೆಸಿದ ನಮಗೆ ಬೆಟ್ಟ ಹತ್ತುವ ಹುಚ್ಚನ್ನು ಹಿಡಿಸಿದವರು ಮಕ್ಕಳೇ. ದೀಪಾವಳಿ ಬಂತೆಂದರೆ ಇಲ್ಲಿನ ಪ್ರತಿ ವಠಾರದ ಅಂಗಳದಲ್ಲಿಯೂ ಮಕ್ಕಳು ಇಟ್ಟಿಗೆ, ಗೋಣಿಚೀಲ ಮತ್ತು ಕೆಮ್ಮಣ್ಣಿನಿಂದ ಕಿಲ್ಲಾ, ಅಂದರೆ ಪುಟ್ಟ ಕೋಟೆ, ಕಟ್ಟುತ್ತಾರೆ. ಅದರ ಮೇಲೆ ಸಾಸಿವೆ ಚೆಲ್ಲಿ ಹಸಿರು ಮೊಳೆಯಿಸಿ, ಮಣ್ಣಿನ ಮಾವಳೆ ಸೈನಿಕರನ್ನು ನಿಲ್ಲಿಸಿ, ತುದಿಯಲ್ಲಿ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಎರಡು ವರ್ಷದ ಹಿಂದೆ ಹೀಗೆ ರಾಜಗಡವನ್ನು ಕಟ್ಟಿದ ಮಗಳು, ನಿಜವಾದ ಗಡಕ್ಕೆ ಕರೆದುಕೊಂಡು ಹೋಗೆಂದು ಹಟ ಹಿಡಿದಳು. ಅಲ್ಲಿಂದ ಸಿಂಹಗಡ, ಲೋಹಗಡ ಎಂದು ಸುತ್ತಿ, 1,646 ಮೀಟರ್ ಎತ್ತರದ ಕಳಸೂಬಾಯಿ ಮಹಾರಾಷ್ಟ್ರದಲ್ಲಿಯೇ ಎಲ್ಲಕ್ಕಿಂತ ಎತ್ತರದ ಶಿಖರವೆಂದು ಅವಳು ಪುಸ್ತಕದಲ್ಲಿ ಓದುವವರೆಗೆ ಎಲ್ಲವೂ ಸುಸೂತ್ರವಾಗಿತ್ತು. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,900 ಮೀಟರಿಗೂ ಎತ್ತರವಿದೆ, ಅದರ ತುದಿಯ ಹತ್ತಿರದವರೆಗೆ ಕಾರು ಹೋಗುತ್ತದೆ ಎಂದು ಇವರು ಜಂಬ ಕೊಚ್ಚಿಕೊಂಡರು. ಕಳಸೂಬಾಯಿಯ ಬುಡದ ಬಾರಿ ಗ್ರಾಮದಿಂದ ತುದಿಗೆ 800 ಮೀಟರಿಗೂ ಹೆಚ್ಚು ಎತ್ತರವನ್ನು ಕಾಲಿನಿಂದಲೇ ಏರಬೇಕೆಂಬ ಸಂಗತಿಯನ್ನು ಆ ಹೊತ್ತಿನಲ್ಲಿ ನಾವಿಬ್ಬರೂ ತೂಕ ಹಾಕಿ ನೋಡಲಿಲ್ಲ.

ಮೊದಲ ಸಲ ಎಡವಿದ್ದೆಲ್ಲಿ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಶನಿವಾರ ರಾತ್ರಿ ಹನ್ನೊಂದಕ್ಕೆ ಪುಣೆಯಿಂದ ಹೊರಟು ನಸುಕಿನಲ್ಲಿ ಬೆಟ್ಟ ಹತ್ತಿಸುವ ಒಂದು ಚಾರಣ ತಂಡಕ್ಕೆ ಹಣ ಕಟ್ಟಿದ್ದೆವು. ಐದು ವರ್ಷ ತುಂಬಿದ ಮಕ್ಕಳಿಗೆ ಏನೂ ತೊಂದರೆಯಿಲ್ಲ ಎಂದು ಅವರು ಫೋನಿನಲ್ಲಿ ಹೇಳಿದ್ದರು. ಗಾಡಿ ಬಂದದ್ದು ಒಂದೂವರೆಗೆ. ಮಧ್ಯದಲ್ಲಿ ಎರಡು ಕಡೆ ಬೇರೆಯವರಿಗಾಗಿ ಕಾದು, ಬಾರಿ ಸೇರಿ ನಡೆಯಲು ತೊಡಗುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಮಕ್ಕಳು ರಾತ್ರಿಯೆಲ್ಲ ಕುಳಿತಲ್ಲಿಯೇ ತೂಕಡಿಸಿದ್ದರು. ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್ ಬಿಸಿಲು ಇಲ್ಲಿ ಹೆಸರಾದದ್ದು. ಕಪ್ಪು ಬಂಡೆ ಬೇಗನೆ ಕಾಯುತ್ತದೆ, ಗಾಳಿಯಲ್ಲಿ ತೇವ ಆರಿರುವುದಿಲ್ಲ, ಚಿಕ್ಕ ಮಕ್ಕಳಾದರೋ ದೊಡ್ಡವರಷ್ಟು ಬೆವರಿ ಮೈಯನ್ನು ತಂಪಾಗಿಸಿಕೊಳ್ಳಲಾರರು. ತಂಡದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಹಣವೂ ಮರಳಿ ಬರಲಿಲ್ಲ. ಆದರೆ ಹತ್ತು ಗಂಟೆಗೆ ಬಾರಿಯಲ್ಲಿ ಇಳಿದಾಗಲೇ, ನಾವು ಹತ್ತುವುದಿಲ್ಲ, ನೀವು ಹೋಗಿ ಬನ್ನಿ ಎಂದು ಹೇಳಬಹುದಾಗಿತ್ತು. ಬಾಯಿ ತೆರೆಯದೆ ನಡೆದವಳು ನಾನು.

ಆಮೇಲೆ ಮೂರು ತಿಂಗಳು ನಾವು ಮಾಡಿದ ಸಿದ್ಧತೆ ನಿಜವಾಗಿ ನೋಡಿದರೆ ನಮ್ಮದೇ ಸಿದ್ಧತೆ. ಮಕ್ಕಳ ಕಾಲಿನ ಬಲಕ್ಕಿಂತ ಅವರ ಹೊತ್ತನ್ನು ತಿಳಿಯುವುದು ಮುಖ್ಯವೆಂದು ತೋರಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಪುಣೆಯ ಪರ್ವತಿ ಗುಡ್ಡದ 103 ಮೆಟ್ಟಿಲು, ವಾರಕ್ಕೊಮ್ಮೆ ವೇತಾಳ ಟೇಕಡಿ ಎಂಬ ಗುಡ್ಡ, ಆತಕರವಾಡಿಯ ಕಡೆಯಿಂದ ಸಿಂಹಗಡ, ಲೋಕಲ್ ರೈಲಿನಲ್ಲಿ ಮಳವಲಿಗೆ ಹೋಗಿ ಅಲ್ಲಿಂದ ಲೋಹಗಡ. ಪ್ರತಿ ಸಲವೂ ಹೊರಟ ಸಮಯ, ನಿಂತ ಸಮಯ, ನಿಂತದ್ದಕ್ಕೆ ಕಾರಣ, ಮುಟ್ಟಿದ ಸಮಯ ಎಲ್ಲವನ್ನೂ ಬರೆದೆ. ಕಾರಣಗಳನ್ನು ಈಗ ಓದಿದರೆ ನಗು ಬರುತ್ತದೆ: ಇರುವೆ ಸಾಲು, ಕಾಲುಚೀಲದಲ್ಲಿ ಕಡ್ಡಿ, ಅಕ್ಕ ಮುಂದೆ ಹೋದಳು, ಮೊಸರಿನ ಕುಡಿಕೆ. ಸಿಂಹಗಡದ ಮೇಲೆ ಮಣ್ಣಿನ ಕುಡಿಕೆಯಲ್ಲಿ ಮೊಸರು ಮಾರುವ ಹೆಂಗಸರಿದ್ದಾರೆ. ಆ ಕುಡಿಕೆಯ ಆಸೆಗೆ ಮಗ ಕೊನೆಯ ಅರ್ಧ ಗಂಟೆಯನ್ನು ಒಂದೇ ಉಸಿರಿನಲ್ಲಿ ನಡೆಯುತ್ತಿದ್ದ.

ಆ ಪುಸ್ತಕದಿಂದ ನಮಗೆ ತಿಳಿದದ್ದು ಎರಡು ವಿಷಯ. ಮಗ ನಡೆಯುವಾಗ ನಮಗಿಂತ ಬಹಳ ನಿಧಾನವೇನೂ ಅಲ್ಲ, ಆದರೆ ಕಾಲು ಗಂಟೆಗೊಮ್ಮೆ ನಿಂತೇ ನಿಲ್ಲುತ್ತಾನೆ. ಆ ನಿಲುಗಡೆಯನ್ನು ಕತ್ತರಿಸಲು ಹೋದರೆ ಅರ್ಧ ಗಂಟೆಯ ಮೇಲೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಇದಕ್ಕಿಂತ ಅಚ್ಚರಿಯದ್ದು ಇನ್ನೊಂದು. ನಾವು ದೊಡ್ಡವರು ಹತ್ತಿದ ಸಮಯದ ಅರ್ಧದಲ್ಲಿಯೋ ಮುಕ್ಕಾಲಿನಲ್ಲಿಯೋ ಇಳಿಯುತ್ತೇವೆ, ಮಗನಿಗೆ ಮಾತ್ರ ಇಳಿಯಲು ಹತ್ತಿದಷ್ಟೇ ಹೊತ್ತು ಬೇಕು. ನಮ್ಮ ಮೊಣಕಾಲೆತ್ತರದ ಕಲ್ಲು ಅವನ ಸೊಂಟಕ್ಕೆ ಬರುತ್ತದೆ, ಕುಳಿತು ಜಾರಿ ಇಳಿಯಬೇಕು. ಹತ್ತುವಾಗ ತುದಿಯ ಆಸೆಯಾದರೂ ಇರುತ್ತದೆ, ಇಳಿಯುವಾಗ ಅದೂ ಇಲ್ಲ. ಆದ್ದರಿಂದ ಕಳಸೂಬಾಯಿಗೆ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿದೆವು: ಐದೂವರೆಗೆ ಊರಿನಲ್ಲಿರಬೇಕು, ಇಳಿಯಲು ಐದು ಗಂಟೆ ಬೇಕು, ಹಾಗಾದರೆ ಹನ್ನೆರಡೂವರೆಗೆ ನಾವು ಎಲ್ಲಿಯೇ ಇರಲಿ, ಶಿಖರ ಕೈಗೆಟಕುವಷ್ಟು ಹತ್ತಿರವಿರಲಿ, ತಿರುಗಲೇಬೇಕು. ಇದನ್ನು ಮಗಳ ಎದುರಿನಲ್ಲಿಯೇ ತೀರ್ಮಾನಿಸಿದೆವು. ಅವಳಿಗೆ ಇಷ್ಟವಾಗಲಿಲ್ಲ, ಆದರೆ ಒಪ್ಪಿದಳು.

ಏಣಿಯ ಅಭ್ಯಾಸಕ್ಕೆ ಮನೆಯ ಹತ್ತಿರದ ಉದ್ಯಾನದ ಜಾರುಬಂಡೆ ಸಾಕೆಂದುಕೊಂಡಿದ್ದೆ. ಮಗ ಅದನ್ನು ದಿನಕ್ಕೆ ಇಪ್ಪತ್ತು ಸಲ ಹತ್ತುತ್ತಾನೆ. ಒಂದು ದಿನ, ಈಗ ಏಣಿಯಿಂದಲೇ ಇಳಿದು ಬಾ ಎಂದಾಗ ತುದಿಯಲ್ಲಿ ನಿಂತವನು ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕಣ್ಣರಳಿಸಿದ. ಜಾರುಬಂಡೆಯ ಏಣಿಯನ್ನು ಯಾವ ಮಗು ತಾನೆ ಇಳಿಯುತ್ತದೆ! ಅಂದಿನಿಂದ ಹದಿನೈದು ದಿನ ಅವನು ಮುಖವನ್ನು ಏಣಿಯ ಕಡೆ ಮಾಡಿ, ಒಂದು ಕಾಲು ಊರುವ ತನಕ ಎರಡೂ ಕೈ ಬಿಡದೆ, ಒಂದೊಂದೇ ಮೆಟ್ಟಿಲನ್ನು ತಡಕಿ ಇಳಿಯುವುದನ್ನು ಕಲಿತ. ಹಿಂದೆ ಸಾಲು ನಿಂತ ಬೇರೆ ಮಕ್ಕಳು ‘ಆವರ್ ನಾ ರೇ’, ಬೇಗ ಮುಗಿಸೋ, ಎಂದು ಕೂಗುತ್ತಿದ್ದರು.

ಇವರ ಕಚೇರಿಯಲ್ಲಿ ಪರ್ವತಾರೋಹಣ ಕಲಿತ ಒಬ್ಬ ಗೆಳೆಯರಿದ್ದಾರೆ. ಮಗುವನ್ನು ಹಗ್ಗದಿಂದ ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ ಎಂದು ನಾನು ಹೇಳಿದಾಗ ಅವರು ತಲೆಯಾಡಿಸಿ, ಬೆಟ್ಟಕ್ಕೆ ಕಟ್ಟಿರದ ಹಗ್ಗ ಒಬ್ಬರು ಬೀಳುವ ಕಡೆ ಇಬ್ಬರನ್ನು ಬೀಳಿಸುತ್ತದೆ ಎಂದರು. ಅದರ ಬದಲು ಎದೆ, ಭುಜ ಮತ್ತು ತೊಡೆಗಳನ್ನು ಸುತ್ತುವ ಮಕ್ಕಳ ಹಾರ್ನೆಸ್ಸನ್ನೂ, ತುದಿಯಲ್ಲಿ ಕೊಕ್ಕೆಯಿರುವ ಎರಡು ಗಿಡ್ಡ ಪಟ್ಟಿಗಳನ್ನೂ ಕೊಟ್ಟರು. ಎರಡೂ ಕೊಕ್ಕೆಗಳನ್ನು ಏಣಿಯ ಪಕ್ಕದ ಕಂಬಿಗೆ ಹಾಕಬೇಕು. ನೆಟ್ಟಗಿನ ಸರಳು ಅಡ್ಡ ಬಂದಾಗ ಮೊದಲು ಒಂದನ್ನು ಬಿಡಿಸಿ ಮುಂದೆ ಹಾಕಿ, ಆಮೇಲೆ ಇನ್ನೊಂದನ್ನು ಬಿಡಿಸಬೇಕು. ಯಾವ ಗಳಿಗೆಯಲ್ಲಿಯೂ ಒಂದು ಕೊಕ್ಕೆ ಕಂಬಿಯಲ್ಲಿ ಇದ್ದೇ ಇರುತ್ತದೆ. ದೊಡ್ಡವರೊಬ್ಬರು ಹತ್ತುವಾಗಲೂ ಇಳಿಯುವಾಗಲೂ ಮಗುವಿನ ಒಂದು ಮೆಟ್ಟಿಲು ಕೆಳಗೆ, ಎರಡೂ ಕೈಗಳಿಂದ ಕಂಬಿಗಳನ್ನು ಹಿಡಿದು ಬೇಲಿಯಂತೆ ನಿಲ್ಲಬೇಕು.

ಸಂಕ್ರಾಂತಿ ಮುಗಿದ ವಾರ, ಜನ ಕಡಿಮೆಯಿರಲೆಂದು ಶುಕ್ರವಾರಕ್ಕೆ ರಜೆ ಹಾಕಿ, ಗುರುವಾರ ಬೆಳಿಗ್ಗೆ ನಮ್ಮ ಕಾರಿನಲ್ಲಿಯೇ ಹೊರಟೆವು. ನಾರಾಯಣಗಾಂವ, ಆಳೇಫಾಟಾ, ಸಂಗಮನೇರ ದಾಟಿ ಅಕೋಲೆ, ರಾಜೂರಿನ ಮೇಲೆ ಭಂಡಾರದರಾ; 1926ರಲ್ಲಿ ಪ್ರವರಾ ನದಿಗೆ ಕಟ್ಟಿ ಮುಗಿಸಿದ ಆ ಅಣೆಕಟ್ಟಿನ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಮಧ್ಯಾಹ್ನ ಬಾರಿ ತಲುಪಿದೆವು. ಚಾರಣಿಗರಿಗೆ ಊಟ, ವಸತಿ ಕೊಡುವ ಮನೆಗಳು ಅಲ್ಲಿವೆ. ನಾವಿಳಿದುಕೊಂಡ ಮನೆಯ ಮಾವಶಿ ಸಂಜೆ ಏಳಕ್ಕೇ ಬಿಸಿ ಭಾಕರಿ, ಪಿಠಲೆ ಬಡಿಸಿದರು. ಎಂಟಕ್ಕೆ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು, ಬ್ಯಾಟರಿಯ ಬೆಳಕಿನಲ್ಲಿ ಕಾಲಿನ ಉಗುರು ಕತ್ತರಿಸಲು ಕುಳಿತೆ. ಇಳಿಜಾರಿನಲ್ಲಿ ಬೆರಳುಗಳೆಲ್ಲ ಮುಂದಕ್ಕೆ ನುಗ್ಗಿ ಬೂಟಿನ ಮೂತಿಗೆ ಬಡಿಯುತ್ತವೆ. ಉಗುರು ಒಂದಿಷ್ಟು ಉದ್ದವಿದ್ದರೂ ಅದರ ಬುಡದಲ್ಲಿ ರಕ್ತ ಕಟ್ಟುತ್ತದೆ. ಬಲಗಾಲು ಮುಗಿದು ಎಡಗಾಲಿನ ಎರಡು ಬೆರಳಾಗುವಷ್ಟರಲ್ಲಿ ಅವನಿಗೆ ನಿದ್ರೆ ಬಂತು. ಎಚ್ಚರಿಸಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಆರೂವರೆಗೆ ಹೊರಟಾಗ ಇನ್ನೂ ಕತ್ತಲೆಯಿತ್ತು, ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಕೊಯ್ದು ಬಿಟ್ಟ ಭತ್ತದ ಗದ್ದೆಗಳ ಬದುವಿನ ಮೇಲೆ, ನೀರು ಬತ್ತಿದ ಹಳ್ಳವನ್ನು ದಾಟಿ, ಬೆಟ್ಟ ಹತ್ತಲಾರದವರಿಗೆಂದೇ ಕೆಳಗೆ ಕಟ್ಟಿರುವ ದೇವಿಯ ಗುಡಿಗೆ ಕೈಮುಗಿದು ಏರತೊಡಗಿದೆವು. ಮಗನನ್ನು ಎಲ್ಲರಿಗಿಂತ ಮುಂದೆ ಬಿಟ್ಟೆವು. ಅವನ ಹೆಜ್ಜೆಗೆ ನಮ್ಮ ಹೆಜ್ಜೆ. ಅವನ ಒಂದು ಕಿಸೆಯಲ್ಲಿ ಕುಸುರೆಳ್ಳು ತುಂಬಿತ್ತು, ನಿಂತಾಗಲೆಲ್ಲ ನಾಲ್ಕು ಕಾಳು. ನನ್ನ ಚೀಲದಲ್ಲಿ ಅಂಟಿನುಂಡಿ, ದಪಾಟಿ, ಶೇಂಗಾ ಚಟ್ನಿ, ಆರು ಲೀಟರ್ ನೀರು, ಓಆರ್‌ಎಸ್ ಪುಡಿ, ಇಬ್ಬರಿಗೂ ಒಂದೊಂದು ಜೊತೆ ಒಣ ಕಾಲುಚೀಲ.

ಸಹ್ಯಾದ್ರಿಯ ಈ ಭಾಗ ಎಲ್ಲ ಕಡೆಯೂ ಒಂದೇ ರೀತಿ ಏರುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಮತ್ತೆ ಮತ್ತೆ ಹರಿದು ಪದರದ ಮೇಲೆ ಪದರವಾಗಿ ಗಟ್ಟಿಯಾದದ್ದು ಇದು. ಮೆದುವಾದ ಪದರ ಸವೆದು ಮಟ್ಟಸವಾದ ಕಡೆ ಹುಲ್ಲು, ದಾರಿ. ಗಟ್ಟಿಯಾದ ಪದರ ಉಳಿದ ಕಡೆ ನೆಟ್ಟಗಿನ ಗೋಡೆ. ಡೆಕ್ಕನ್ ಟ್ರ್ಯಾಪ್ ಎಂಬ ಹೆಸರಿನ ‘ಟ್ರ್ಯಾಪ್’ ಕೂಡ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು. ಹಿಂದೆ ಗೋಡೆಗಳನ್ನು ಕೈಕಾಲು ಕಚ್ಚಿ ಹತ್ತಬೇಕಾಗಿತ್ತು, ಈಗ ಅಲ್ಲಿ ಕಬ್ಬಿಣದ ಏಣಿಗಳಿವೆ. ಇದು ರಾಕ್ಷಸರು ಹತ್ತುವ ಮೆಟ್ಟಿಲು ಎಂದು ಮಗನಿಗೆ ಹೇಳಿದ್ದರಿಂದ, ಪ್ರತಿ ಗೋಡೆಗೂ ಅವನು ‘ಇದು ಎಷ್ಟನೇ ಮೆಟ್ಟಲಾ?’ ಎಂದು ಕೇಳುತ್ತಿದ್ದ.

ಮೊದಲ ಏಣಿಯ ಬುಡಕ್ಕೆ ಎಂಟೂವರೆಗೆ ಬಂದೆವು. ಬಿಸಿಲು ಇನ್ನೂ ಆ ಮಗ್ಗುಲಿಗೆ ತಿರುಗಿರಲಿಲ್ಲ. ಮೂರು ತಿಂಗಳ ಹಿಂದೆ ತಾನು ಕುಳಿತಿದ್ದ ಬಂಡೆಯನ್ನು ಮಗ ಗುರುತಿಸಿ, ‘ಇಲ್ಲೇ ನಾ ವಾಂತಿ ಮಾಡ್ಕೊಂಡಿದ್ದೆ’ ಎಂದು ಅಲ್ಲಿದ್ದ ಅಪರಿಚಿತರಿಬ್ಬರಿಗೆ ಅಭಿಮಾನದಿಂದ ತೋರಿಸಿದ. ಹಾರ್ನೆಸ್ಸಿನ ಪಟ್ಟಿಗಳನ್ನು ಬಿಗಿದು ಅವನ ಕೈಯನ್ನು ಕಂಬಿಯ ಮೇಲಿಟ್ಟಾಗ, ರಾತ್ರಿಯ ಚಳಿಯನ್ನೆಲ್ಲ ಹಿಡಿದಿಟ್ಟುಕೊಂಡಿದ್ದ ಆ ಕಬ್ಬಿಣಕ್ಕೆ ಬೆಚ್ಚಿ ಕೈ ಹಿಂದೆಗೆದ. ಉಲ್ಲನ್ ಕೈಗವಸು ಹಾಕಿದರೆ ಹಿಡಿತ ಜಾರುತ್ತದೆ. ಅವನ ಅಂಗೈಯನ್ನು ನನ್ನ ಕುತ್ತಿಗೆಯಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ ಮತ್ತೆ ಹಿಡಿಸಿದೆ. ಇವರು ಅವನ ಕೆಳಗೆ, ನಾನು ಮಗಳ ಕೆಳಗೆ. ಟಕ್ ಎಂದು ಒಂದು ಕೊಕ್ಕೆ ಬಿಡುತ್ತದೆ, ಟಕ್ ಎಂದು ಮುಂದೆ ಕೂರುತ್ತದೆ, ಆಮೇಲೆ ಎರಡನೆಯದು. ಮಗ ಮೆಟ್ಟಿಲುಗಳನ್ನು ಎಣಿಸತೊಡಗಿದ. ಅವನಿಗೆ ಕನ್ನಡದ ಎಣಿಕೆ ಇಪ್ಪತ್ತರವರೆಗೆ ಮಾತ್ರ ಬಾಯಿಗೆ ಬರುತ್ತದೆ. ಹತ್ತೊಂಬತ್ತು, ಇಪ್ಪತ್ತು, ಏಕವೀಸ್, ಬಾವೀಸ್ ಎಂದು ಹಾದಿಯಲ್ಲಿಯೇ ಮರಾಠಿಗೆ ಹೊರಳಿದ. ಮೇಲಿನಿಂದ ಅಕ್ಕ ತಿದ್ದುತ್ತಿದ್ದಳು, ಅವನು ಕಿವಿಗೊಡಲಿಲ್ಲ. ಎರಡನೆಯ ಏಣಿಯ ಹೊತ್ತಿಗೆ ಕೊಕ್ಕೆಯನ್ನು ತಾನೇ ಹಾಕುತ್ತೇನೆಂದು ಹಟ ಮಾಡಿದ. ಅದಕ್ಕೆ ಒಪ್ಪಲಿಲ್ಲ.

ನಡುದಾರಿಯಲ್ಲಿ ಮಜ್ಜಿಗೆ ಮಾರುವ ಒಬ್ಬ ಆಜಿ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ದೇವಿಯ ಕಥೆ ಹೇಳಿದರು. ಕಳಸೂ ಎಂಬ ಹುಡುಗಿ ಈ ಊರಿನಲ್ಲಿ ಕೆಲಸಕ್ಕಿದ್ದಳಂತೆ. ಪಾತ್ರೆ ತಿಕ್ಕುವುದಿಲ್ಲ, ಕಸ ಗುಡಿಸುವುದಿಲ್ಲ ಎಂಬ ಕರಾರಿನ ಮೇಲೆಯೇ ಬಂದವಳಿಗೆ ಒಂದು ದಿನ ಅದೇ ಕೆಲಸ ಹೇಳಿದಾಗ, ಎಲ್ಲವನ್ನೂ ಬಿಟ್ಟು ಈ ಬೆಟ್ಟ ಹತ್ತಿ ಮತ್ತೆ ಇಳಿಯಲೇ ಇಲ್ಲವಂತೆ. ಮಗಳು ಗಂಭೀರವಾಗಿ ಕೇಳಿ, ‘ಅಮ್ಮಾ, ಭಾಂಡೆ ತಿಕ್ಕು ಅಂತ ನನಗ ಇನ್ನೊಮ್ಮೆ ಹೇಳಬ್ಯಾಡ, ನೋಡು’ ಎಂದಳು. ಆಜಿಗೆ ಕನ್ನಡ ತಿಳಿಯದಿದ್ದರೂ ಮಗಳ ಮುಖ ನೋಡಿಯೇ ಅರ್ಥವಾಗಿ ನಕ್ಕರು.

ಮಂಗಗಳ ಬಗ್ಗೆ ಒಂದು ಮಾತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸದ್ದು ಮಾಡಿದರೆ ಅವು ಬಂದೇ ಬರುತ್ತವೆ. ನನ್ನ ಅಂಟಿನುಂಡಿಯ ಡಬ್ಬಿಯಲ್ಲಿದ್ದ ಎಂಟರಲ್ಲಿ ಮೂರು ಉಳಿದವು.

ಕೊನೆಯ ಏಣಿಗಿಂತ ಕೆಳಗೆ ಬಾವಿಯಿರುವ ಬಯಲು ಮುಟ್ಟಿದಾಗ ಹನ್ನೊಂದು ಗಂಟೆ. ಅಲ್ಲಿ ಅರ್ಧ ಗಂಟೆ ಕುಳಿತು ದಪಾಟಿ ತಿಂದು, ಹನ್ನೊಂದು ಐವತ್ತಕ್ಕೆ ಶಿಖರದಲ್ಲಿದ್ದೆವು. ಶಿಖರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾಲ್ಕಾರು ಜನ ಹಿಡಿಸುವ ಪುಟ್ಟ ಗುಡಿ, ಅರಿಶಿನ ಕುಂಕುಮ ಮೆತ್ತಿದ ದೇವಿ, ಟೊಪ್ಪಿಗೆ ಹಾರಿಸುವ ಗಾಳಿ. ಒಂದು ಕಡೆ ಭಂಡಾರದರಾದ ನೀರು, ಇನ್ನೊಂದು ಕಡೆ ಅಲಂಗ, ಮದನ, ಕುಲಂಗ ಗಡಗಳ ಸಾಲು. ಮಗಳು ಆಚೆಯ ಹರಿಶ್ಚಂದ್ರಗಡವನ್ನು ಗುರುತಿಸಲು ನೋಡುತ್ತಿದ್ದಳು. ಶಿವಾಜಿ ಮಹಾರಾಜರು ತೋರಣಾ ಗೆದ್ದದ್ದು 1646ರಲ್ಲಿ, ಈ ಬೆಟ್ಟದ ಎತ್ತರವೂ 1,646 ಎಂದು ತಾನೇ ಕಂಡುಹಿಡಿದದ್ದನ್ನು ಅಲ್ಲಿದ್ದ ಎಲ್ಲರಿಗೂ ಹೇಳಿದಳು. ಇನ್ನೂ ಸ್ವಲ್ಪ ಹೊತ್ತು ಇರೋಣವೆಂದು ಇವರೆಂದರು. ಮಗಳೇ ಕೈಗಡಿಯಾರ ತೋರಿಸಿ, ‘ಅಪ್ಪಾ, ಹನ್ನೆರಡೂವರಿ’ ಎಂದಳು.

ಇಳಿಯುವುದೇ ಆ ದಿನದ ನಿಜವಾದ ಕೆಲಸವಾಗಿತ್ತು. ಏಣಿಗಳ ಮೇಲೆ ಜಾರುಬಂಡೆಯ ಪಾಠ ಕೆಲಸಕ್ಕೆ ಬಂತು. ಮಗ ಬೆಟ್ಟದ ಕಡೆ ಮುಖ ಮಾಡಿ, ಕಾಲಿನಿಂದ ತಡಕಿ ತಡಕಿ ಇಳಿದ. ಬೆನ್ನು ಹಾಕಿ ಓಡುತ್ತ ಇಳಿಯುವ ಕಾಲೇಜು ಹುಡುಗರಿಗೆ ದಾರಿ ಬಿಡಲು ಎರಡು ಸಲ ಕಂಬಿಗೆ ಒರಗಿ ನಿಂತೆವು. ತೊಂದರೆ ಬಂದದ್ದು ಏಣಿಗಳ ನಡುವಿನ ಸಾಧಾರಣ ದಾರಿಯಲ್ಲಿ. ಒಣಗಿದ ಮಣ್ಣಿನ ಮೇಲೆ ಕಡಲೆಯಂಥ ಹರಳುಗಳು ಹರಡಿರುತ್ತವೆ, ಅವುಗಳ ಮೇಲೆ ಹೆಜ್ಜೆ ಗಾಲಿಯಂತೆ ಉರುಳುತ್ತದೆ. ಬಂಡೆಯ ಮೇಲೆ ಎಚ್ಚರದಿಂದಿದ್ದ ಮಗಳು ಇಲ್ಲಿ ಜಾರಿ ಮೊಣಕೈ ತರಚಿಕೊಂಡಳು. ಎರಡೂಕಾಲು ಗಂಟೆಗೆ ಮಗ ಒಂದು ತಿರುವಿನಲ್ಲಿ ಕುಳಿತ. ಕುಸುರೆಳ್ಳು ಬೇಡ, ನೀರು ಬೇಡ, ಕಥೆ ಬೇಡ. ತೊಡೆಗಳು ಸಣ್ಣಗೆ ನಡುಗುತ್ತಿದ್ದವು.

ಇಂಥಲ್ಲಿ ಹೆಗಲ ಮೇಲೆ ಕೂರಿಸಿಕೊಂಡುಬಿಡೋಣ ಎನ್ನಿಸುತ್ತದೆ. ಆದರೆ ಹೊತ್ತವನಿಗೆ ತನ್ನ ಪಾದ ಕಾಣುವುದಿಲ್ಲ, ಹರಳಿನ ಇಳಿಜಾರಿನಲ್ಲಿ ಅವನು ಜಾರಿದರೆ ಮಗು ತಲೆಯೆತ್ತರದಿಂದ ಬೀಳುತ್ತದೆ. ಮಟ್ಟಸವಾದ ಕಡೆ ಮಾತ್ರ ಎತ್ತಿಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಬಿಸಿಲು ತಗಲದಂತೆ ದುಪಟ್ಟಾ ಹಿಡಿದು ಮೂವತ್ತೈದು ನಿಮಿಷ ಸುಮ್ಮನೆ ಕುಳಿತೆವು. ಅವನು ನನ್ನ ತೊಡೆಯ ಮೇಲೆ ಹದಿನೈದು ನಿಮಿಷ ನಿದ್ರೆ ಹೋದ, ಎದ್ದು ಹಲ್ಲಿಯೊಂದನ್ನು ಕಂಡ, ಅದರ ಹಿಂದೆಯೇ ಹೊರಟ. ಅಕ್ಟೋಬರಿನಲ್ಲಾಗಿದ್ದರೆ ಆ ಮೂವತ್ತೈದು ನಿಮಿಷ ನಮ್ಮ ಹತ್ತಿರ ಇರುತ್ತಿರಲಿಲ್ಲ.

ಗದ್ದೆಯ ಬದುವಿಗೆ ಬಂದಾಗ ಐದಕ್ಕೆ ಹತ್ತು ನಿಮಿಷ. ಅಲ್ಲಿಂದ ಮನೆಯವರೆಗೆ ಇವರು ಅವನನ್ನು ಹೊತ್ತುಕೊಂಡರು. ಮಾವಶಿ ಕಟ್ಟೆಯ ಮೇಲೆ ಚಾಪೆ ಹಾಸಿ ಚಹಾ ತಂದರು. ಬೂಟು ಬಿಚ್ಚಿ, ಮಣ್ಣು ಹಿಡಿದ ಕಾಲುಚೀಲ ಎಳೆದು ನೋಡಿದೆ. ಬಲಗಾಲಿನ ಐದು ಬೆರಳೂ ಚೆನ್ನಾಗಿದ್ದವು. ಎಡಗಾಲಿನ ಕಿರುಬೆರಳು, ಅದರ ಪಕ್ಕದ್ದು ಸರಿಯಾಗಿದ್ದವು. ಅಲ್ಲಿಂದ ಮುಂದಿನ ಮೂರರ ಉಗುರಿನ ಬುಡ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಾವಶಿ ಬಗ್ಗಿ ನೋಡಿ, ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ತರಲು ಒಳಗೆ ಹೋದರು.